ಮೊದಲು ಏನೂ ಕೊಳ್ಳಬೇಡಿ

ಕಳೆದ ಸಂಚಿಕೆಯಲ್ಲಿ ‘ಮನೆಯಲ್ಲಿ ಎಲ್ಲಿ ಕೂತು ಬರೆಯುತ್ತೀರಿ?’ ಅಂತ ಸುಮ್ನೆ ಕೇಳಿದ್ದೆ. ಉತ್ತರ ಬರುತ್ತವೆ ಅಂದುಕೊಂಡಿದ್ದೆ, ಬಂದದ್ದೆಲ್ಲ ಪ್ರಶ್ನೆಗಳೇ. ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಅಕ್ಕಾ, ನನಗೀಗ 46. ಮಗಳು ಹಾಸ್ಟೆಲ್ ಸೇರಿದ ಮೇಲೆ ಮತ್ತೆ ಕಥೆ ಬರೆಯೋಣ ಅನ್ನಿಸುತ್ತಿದೆ. ಎರಡು ಬೆಡ್‌ರೂಮಿನ ಮನೆ, ಅತ್ತೆ ಮಾವ ಜೊತೆಗಿದ್ದಾರೆ, ನನಗೇ ಅಂತ ಕೋಣೆ ಸಿಗುವ ಮಾತಿಲ್ಲ. ಇನ್‌ಸ್ಟಾಗ್ರಾಂನಲ್ಲಿ ಬರೆಯುವ ಮೂಲೆಗಳ ಫೋಟೋ ನೋಡಿ ಆಸೆಯಾಗಿದೆ. ಹತ್ತು ಸಾವಿರ ಕೂಡಿಟ್ಟಿದ್ದೇನೆ. ಏನೇನು ಕೊಳ್ಳಲಿ?
– ಹೆಸರು ಬೇಡ, ತುಮಕೂರು

ಉತ್ತರ: ಮೊದಲು ಏನೂ ಕೊಳ್ಳಬೇಡಿ. ಒಂದು ವಾರ ಮನೆಯಲ್ಲಿ ಓಡಾಡುತ್ತಾ ಯಾವ ಜಾಗ ಯಾವ ಹೊತ್ತಿಗೆ ಖಾಲಿ ಇರುತ್ತದೆ ಅಂತ ಗಮನಿಸಿ. ಇಡೀ ದಿನ ಖಾಲಿ ಇರುವ ಮೂಲೆ ನಿಮಗೆ ಸಿಗುವುದಿಲ್ಲ, ಬೇಕಾಗಿಯೂ ಇಲ್ಲ. ತಿಂಡಿ ಮುಗಿದು ಪಾತ್ರೆ ತೆಗೆದ ಮೇಲೆ ಊಟದ ಮೇಜನ್ನು ಹನ್ನೆರಡರವರೆಗೆ ಯಾರೂ ಕೇಳುವುದಿಲ್ಲ, ಅಲ್ವಾ? ಮಾವನವರು ವಾಕಿಂಗ್ ಹೋದಾಗ ಅವರು ಪೇಪರ್ ಓದುವ ಕುರ್ಚಿ ಖಾಲಿ. ಸಂಜೆ ಸೀರಿಯಲ್ ಹೊತ್ತಿನಲ್ಲಿ ಮಾತ್ರ ಟಿವಿ ಇರುವ ಹಾಲ್‌ ಹತ್ತಿರ ಸುಳಿಯಬೇಡಿ, ಅಲ್ಲಿನ ಸೊಸೆ ನಿಮ್ಮ ಕಥೆಯೊಳಗೆ ಬಂದು ಅಳುತ್ತಾಳೆ.

ನಾನು ಹನ್ನೆರಡು ವರ್ಷ ಅಮ್ಮ ಕೊಟ್ಟ ಹೊಲಿಗೆ ಮಷೀನಿನ ಮೇಲೆ ಬರೆದವಳು. ಮಷೀನನ್ನು ಒಳಗೆ ಮಡಚಿ ಹಲಗೆ ಮುಚ್ಚಿದರೆ ಅದೇ ಮೇಜು. ಮುಂದಿನ ಸಾಲು ಸಿಗದಿದ್ದಾಗ ಪೆಡಲ್ ತುಳಿಯುತ್ತಾ ಕೂರುತ್ತಿದ್ದೆ, ಬೆಲ್ಟ್ ಕಳಚಿಟ್ಟಿದ್ದರಿಂದ ಕೆಳಗಿನ ಚಕ್ರ ಮಾತ್ರ ತಿರುಗುತ್ತಿತ್ತು, ಒಳಗಿನಿಂದ ಅತ್ತೆ ‘ಯಾರ ಬ್ಲೌಸಮ್ಮಾ ಅದು?’ ಅಂತ ಕೇಳುತ್ತಿದ್ದರು. ಆಮೇಲೆ ಸ್ವಲ್ಪ ದುಡ್ಡು ಕೈಗೆ ಬಂತು ನೋಡಿ, ತೇಗದ ಮೇಜು ಮಾಡಿಸಿದೆ. ಬಡಗಿ ಅಡುಗೆಮನೆ ಕಟ್ಟೆಯ ಲೆಕ್ಕದಲ್ಲಿ 33 ಇಂಚು ಎತ್ತರ ಮಾಡಿಟ್ಟಿದ್ದ. ಹದಿನೈದೇ ದಿನಕ್ಕೆ ಭುಜ ಹಿಡಿದುಕೊಂಡಿತು, ಕೊನೆಗೆ ಮೇಜಿನ ಕಾಲು ಕೊಯ್ಸಬೇಕಾಯಿತು. ಬರೆಯುವ ಮೇಜು 28ರಿಂದ 30 ಇಂಚು ಇದ್ದರೆ ಸಾಕು, ಕುರ್ಚಿ 17–18 ಇಂಚು. ಕೂತಾಗ ಮೊಣಕೈ ಮೇಜಿನ ಮಟ್ಟಕ್ಕೆ ಬರಬೇಕು, ಪಾದ ಪೂರ್ತಿ ನೆಲಕ್ಕೆ ಊರಬೇಕು. ಕಾಲು ಎಟುಕದಿದ್ದರೆ ಕೆಳಗೊಂದು ಮಣೆ ಹಾಕಿಕೊಳ್ಳಿ.

ಈಗ ಹತ್ತು ಸಾವಿರದ ವಿಷಯ. ಅದರಲ್ಲಿ ಮೊದಲು ಒಂದು ಟೇಬಲ್ ಲ್ಯಾಂಪ್. ಬಲ್ಬ್ ಕೊಳ್ಳುವಾಗ ಡಬ್ಬಿ ಮೇಲಿನ ನಂಬರ್ ನೋಡಿ, 6500ಕೆ ಅಂತಿದ್ದರೆ ಆಸ್ಪತ್ರೆಯ ಹಾಗೆ ಬಿಳಿ ಬೆಳಕು, 2700 ಅಥವಾ 3000 ಇದ್ದರೆ ಹಳದಿ ಬೆಳಕು. ರಾತ್ರಿ ಬರೆಯುವವರಿಗೆ ನಾನು ಹೇಳುವುದು ಹಳದಿಯನ್ನೇ. ಎರಡನೆಯದು ಬೀಗ ಹಾಕುವಂಥ ಚಿಕ್ಕ ಟ್ರಂಕು. ನಗಬೇಡಿ. ತುಂಬಿದ ಮನೆಯಲ್ಲಿ ಬರೆಯುವ ಹೆಂಗಸಿನ ಕೈ ಕಟ್ಟಿಹಾಕುವುದು ಜಾಗದ ಕೊರತೆಗಿಂತ ಜಾಸ್ತಿ ‘ಯಾರಾದರೂ ಓದಿಬಿಟ್ಟರೆ’ ಅನ್ನುವ ಅಳುಕು. ನಾದಿನಿಯ ಬಗ್ಗೆ ಬರೆಯಬೇಕಾದ ಸಾಲನ್ನು ನಾದಿನಿ ತೆರೆದು ನೋಡಬಹುದಾದ ನೋಟ್‌ಬುಕ್ಕಿನಲ್ಲಿ ಯಾರು ಬರೆಯುತ್ತಾರೆ? ನೋಟ್‌ಬುಕ್ಕು, ಪೆನ್ನು, ಕನ್ನಡಕ, ಎಲ್ಲ ಅದರಲ್ಲೇ ಇರಲಿ. ಎಲ್ಲಿ ಟ್ರಂಕು ತೆರೆದಿರೋ ಅವತ್ತಿನ ಮಟ್ಟಿಗೆ ಅದೇ ನಿಮ್ಮ ಕೋಣೆ. ಬೀಗದ ಕೈ ಮಾತ್ರ ತಾಳಿಸರಕ್ಕೋ ಕರವಸ್ತ್ರಕ್ಕೋ ಗಂಟು ಹಾಕಿಕೊಳ್ಳಿ.

ಉಳಿದ ದುಡ್ಡಿಗೆ ಪುಸ್ತಕ ತನ್ನಿ. ಫೋಟೋದಲ್ಲಿದ್ದ ಆ ಮಿಣುಕು ದೀಪದ ಸರ ಬೇಕೇ ಬೇಕು ಅನ್ನಿಸಿದರೆ ದೀಪಾವಳಿಯದ್ದು ಅಟ್ಟದ ಮೇಲೆ ಇದ್ದೇ ಇರುತ್ತದೆ.

ಪ್ರಶ್ನೆ: ನಿವೃತ್ತಿಯಾದ ಮೇಲೆ ಆತ್ಮಕಥೆ ಬರೆಯಲೆಂದೇ ಮಹಡಿ ಮೇಲೆ ಕೋಣೆ ಕಟ್ಟಿಸಿದೆ. ಎರಡು ಕಡೆ ದೊಡ್ಡ ಕಿಟಕಿ, ದೂರದಲ್ಲಿ ಚಾಮುಂಡಿ ಬೆಟ್ಟ. ಎಂಟು ತಿಂಗಳಾಯಿತು, ಎಂಟು ಪುಟವೂ ಆಗಿಲ್ಲ. ಕೋಣೆಯಲ್ಲಿ ಏನಾದರೂ ಕೊರತೆಯಿದೆಯೇ?
– ನಿವೃತ್ತ ಉದ್ಯೋಗಿ, ಮೈಸೂರು

ಉತ್ತರ: ಸಾರ್, ಕೊರತೆಯೇನಿಲ್ಲ, ಸ್ವಲ್ಪ ಜಾಸ್ತಿಯೇ ಆಗಿದೆ. ಉತ್ತರ ನಿಮ್ಮ ಊರಿನಲ್ಲೇ ಇದೆ, ಒಂದು ಸಂಜೆ ಯಾದವಗಿರಿಗೆ ಹೋಗಿ ಬನ್ನಿ. ಆರ್.ಕೆ. ನಾರಾಯಣ್ ಅವರು ಕಟ್ಟಿಸಿಕೊಂಡ ಮನೆ ಈಗ ಮ್ಯೂಸಿಯಂ. ಅಲ್ಲಿ ಅವರು ಬರೆಯಲೆಂದೇ ಮಾಡಿಸಿಕೊಂಡ ಕೋಣೆಗೆ ಎಂಟು ಕಿಟಕಿಗಳು. ನಿಮ್ಮ ಹಾಗೇ ಅವರಿಗೂ ಬೆಟ್ಟ ಕಾಣುತ್ತಿತ್ತು. ಬೆಟ್ಟ ನೋಡುವುದರಲ್ಲೇ ಹೊತ್ತು ಹೋಗಿ, ಕೊನೆಗೆ ದಪ್ಪ ಪರದೆ ತಂದು ಕಿಟಕಿಗಳನ್ನು ಮುಚ್ಚಿದ ಮೇಲೆ ಬರವಣಿಗೆ ಸಾಗಿತು ಅಂತ ಅವರೇ ಬರೆದುಕೊಂಡಿದ್ದಾರೆ.

ನನಗೂ ಆಗಿದೆ. ತೀರ್ಥಹಳ್ಳಿಗೆ ಹೋದಾಗ, ಕುವೆಂಪು ಕೂರುತ್ತಿದ್ದ ಜಾಗ, ನಾಲ್ಕು ಸಾಲಾದರೂ ಬಂದೀತು ಅಂತ ನೋಟ್‌ಬುಕ್ಕು ಹಿಡಿದುಕೊಂಡೇ ಕುಪ್ಪಳಿಯ ಕವಿಶೈಲ ಹತ್ತಿದೆ. ಬಂಡೆ ಮೇಲೆ ಕೂತದ್ದೊಂದೇ ಗೊತ್ತು, ಕತ್ತಲಾಗುವವರೆಗೆ ಕಾಡು ನೋಡಿದೆ, ಪೆನ್ನಿನ ಕ್ಯಾಪ್ ತೆಗೆಯಲಿಲ್ಲ. ಆಮೇಲೆ ಬಂದ ಸಾಲುಗಳೆಲ್ಲ ವಾಪಸ್ ಬರುವಾಗ ಬಸ್ಸಿನಲ್ಲಿ, ಮುಂದಿನ ಸೀಟಿನ ಬೆನ್ನು ನೋಡುತ್ತಾ ಕೂತಾಗ. ಬೆಟ್ಟವನ್ನು ಕಾಫಿ ಹೊತ್ತಿಗೆ ಇಟ್ಟುಕೊಳ್ಳಿ. ಮೇಜನ್ನು ಗೋಡೆಗೆ ತಿರುಗಿಸಿ, ಫೋನನ್ನು ಕೆಳಗೇ ಬಿಟ್ಟು ಮೆಟ್ಟಿಲು ಹತ್ತಿ. ಇನ್ನೊಂದು, ದಿನದ ಕೊನೆಗೆ ವಾಕ್ಯವನ್ನು ಅರ್ಧಕ್ಕೇ ಬಿಟ್ಟು ಏಳಿ. ಮರುದಿನ ಖಾಲಿ ಹಾಳೆಯ ಮುಂದೆ ಕೂರುವ ಕಷ್ಟ ತಪ್ಪುತ್ತದೆ, ಆ ಅರ್ಧ ವಾಕ್ಯ ರಾತ್ರಿಯೆಲ್ಲ ಕಾಟ ಕೊಟ್ಟಿರುತ್ತದೆ.

ಪ್ರಶ್ನೆ: ನಮ್ಮದು ಹಳೇ ಹೆಂಚಿನ ಮನೆ, ಉಪ್ಪರಿಗೆಯಲ್ಲಿ ಕೂತು ಬರೆಯುತ್ತೇನೆ. ಮಳೆಗಾಲದಲ್ಲಿ ಹಾಳೆ ಮೆತ್ತಗಾಗುತ್ತದೆ, ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ. ಕೆಳಗೆ ಬಂದರೆ ಗಲಾಟೆ. ಏನು ಮಾಡಲಿ?
– ಒಬ್ಬ ಓದುಗ, ಸಾಗರ

ಉತ್ತರ: ಉಪ್ಪರಿಗೆ ಬಿಡಬೇಡಿ ಮಾರಾಯ್ರೇ, ಹೆಂಚಿನ ಮೇಲೆ ಮಳೆ ಸುರಿಯುವಾಗ ಅದರ ಕೆಳಗೆ ಕೂತು ಬರೆಯುವ ಭಾಗ್ಯ ಬೆಂಗಳೂರಿನಲ್ಲಿ ಎಷ್ಟು ಬಾಡಿಗೆ ಕೊಟ್ಟರೂ ಸಿಗುವುದಿಲ್ಲ. ಪುಸ್ತಕದ ಕಪಾಟು ಹೊರಗೋಡೆಗೆ ತಾಗಿದ್ದರೆ ಒಂದು ಗೇಣು ಈಚೆ ಎಳೆಯಿರಿ, ಪುಸ್ತಕಗಳನ್ನು ಒತ್ತೊತ್ತಾಗಿ ತುರುಕಬೇಡಿ, ಗಾಳಿ ಆಡಬೇಕು. ಬೂಷ್ಟು ಬಂದ ಪುಸ್ತಕವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಇನ್ನಷ್ಟು ಹರಡುತ್ತದೆ. ಬಿಸಿಲು ಬಿದ್ದ ದಿನ ಹೊರಗಿಟ್ಟು, ಒಣಗಿದ ಮೇಲೆ ಬ್ರಷ್‌ನಿಂದ ಉದುರಿಸಿ. ಬರೆದ ಹಾಳೆಗಳು ಗಟ್ಟಿ ಮುಚ್ಚಳದ ಡಬ್ಬದಲ್ಲಿರಲಿ, ಶೂ ಡಬ್ಬಿಯಲ್ಲಿ ಬರುತ್ತವಲ್ಲ ಸಿಲಿಕಾ ಜೆಲ್ ಪೊಟ್ಟಣಗಳು, ಬಿಸಾಡದೆ ಅದರೊಳಗೆ ಹಾಕಿ. ಥಂಡಿ ಹಾಳೆ ಮೇಲೆ ಇಂಕ್ ಪೆನ್ನಿನ ಶಾಯಿ ಹರಡುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಲ್‌ಪೆನ್ನೇ ವಾಸಿ. ಕರೆಂಟಿನ ಕಥೆ ನಿಮಗೆ ನಾನು ಹೇಳಬೇಕಿಲ್ಲ, ಚಾರ್ಜಿಂಗ್ ಲೈಟು ಮೇಜಿನ ಪಕ್ಕದಲ್ಲೇ ಇರಲಿ.

ಪ್ರಶ್ನೆ: ಯಾವ ದಿಕ್ಕಿಗೆ ಮುಖ ಮಾಡಿ ಕೂತರೆ ಬರವಣಿಗೆ ಚೆನ್ನಾಗಿ ಬರುತ್ತದೆ?
– ಒಬ್ಬ ಓದುಗಿ, ಹುಬ್ಬಳ್ಳಿ

ಉತ್ತರ: ವಾಸ್ತು ನನಗೆ ಗೊತ್ತಿಲ್ಲ, ನೆರಳು ಗೊತ್ತು. ಬಲಗೈಯಲ್ಲಿ ಬರೆಯುವವರಾದರೆ ಬೆಳಕು ಎಡಗಡೆಯಿಂದ ಬರಲಿ, ಇಲ್ಲದಿದ್ದರೆ ನಿಮ್ಮ ಕೈಯ ನೆರಳು ಬರೆಯುವ ಅಕ್ಷರದ ಮೇಲೇ ಬೀಳುತ್ತದೆ. ಎಡಗೈಯವರಿಗೆ ಇದೇ ಉಲ್ಟಾ. ಪಡುವಣ ಕಿಟಕಿಯ ಎದುರು ಮಾತ್ರ ಬೇಡ, ಹುಬ್ಬಳ್ಳಿಯ ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನ ಮೂರಕ್ಕೇ ಎದ್ದು ಓಡುತ್ತೀರಿ. ಫ್ಯಾನಿನ ಕೆಳಗೆ ಕೂತರೆ ಹಾಳೆ ಹಾರದಂತೆ ಮೇಲೊಂದು ಕಲ್ಲಿಡಿ. ಕಲ್ಲು ಯಾವ ದಿಕ್ಕಿನದಾದರೂ ನಡೆಯುತ್ತದೆ.