8 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಕುಬರ್ನೆಟಿಸ್ ಕಲಿಯೋಕೆ ಆಗುತ್ತಾ?

ಮನೆಯಲ್ಲಿ 8 ಜಿಬಿ ರ್‍ಯಾಮ್‌ನ ಹಳೇ ಲ್ಯಾಪ್‌ಟಾಪ್ ಇದೆ, ಡಾಕರ್ (ಆ್ಯಪ್‌ಗಳನ್ನು ಕಂಟೇನರ್ ಅನ್ನೋ ಡಬ್ಬಿಯಲ್ಲಿ ಕಟ್ಟಿ ಓಡಿಸುವ ಸಾಧನ) ಸ್ವಲ್ಪ ಗೊತ್ತು, ಕುಬರ್ನೆಟಿಸ್ (ಅಂಥ ಕಂಟೇನರ್‌ಗಳನ್ನು ಹಲವು ಮೆಷಿನ್‌ಗಳಲ್ಲಿ ಓಡಿಸಿ ನೋಡಿಕೊಳ್ಳುವ ಸಾಫ್ಟ್‌ವೇರ್) ಕಲಿಯೋಕೆ ಮೂರು ರಾಸ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್) ತಗೊಳ್ಳಲೇಬೇಕಾ ಅಂತ ಕೇಳಿದ್ದೀರಿ. ಬೇಡ. ಹಳೇ ಲ್ಯಾಪ್‌ಟಾಪೇ ಸಾಕು. ಕರೆಂಟ್ ಹೋದರೂ ಅದಕ್ಕೆ ಬ್ಯಾಟರಿ ಇದೆ, ಪೈಗೆ ಎಲ್ಲಿದೆ?

ಅದಕ್ಕೆ ಉಬುಂಟು ಲಿನಕ್ಸ್ ಹಾಕಿ, ಮೇಲೆ ಕೆ3ಎಸ್ ಅನ್ನೋ ಹಗುರ ಕುಬರ್ನೆಟಿಸ್ ಹಾಕಿ. 2019ರಲ್ಲಿ ರಾಂಚರ್ ಕಂಪನಿಯವರು ಬಿಟ್ಟಿದ್ದು, 100 ಎಂಬಿಗಿಂತ ಚಿಕ್ಕ ಒಂದೇ ಫೈಲು. ಮಾಮೂಲಿ ಕುಬರ್ನೆಟಿಸ್ ತನ್ನ ಲೆಕ್ಕಪತ್ರವನ್ನೆಲ್ಲ ಇಟಿಸಿಡಿ ಅನ್ನೋ ಡೇಟಾಬೇಸ್‌ನಲ್ಲಿ ಇಡುತ್ತದೆ, ಇದು ಸುಮ್ನೆ ಎಸ್‌ಕ್ಯೂಲೈಟ್ ಅನ್ನೋ ಪುಟ್ಟ ಡೇಟಾಬೇಸ್‌ನಲ್ಲಿ ಇಟ್ಟುಕೊಳ್ಳುತ್ತದೆ, ಅದಕ್ಕೇ ಹಗುರ. ಅವರ ಸೈಟಿನಲ್ಲಿರುವ ಒಂದು ಸಾಲಿನ ಕಮಾಂಡ್ ಓಡಿಸಿದರೆ ಇನ್‌ಸ್ಟಾಲ್ ಆಯಿತು. ಕೆಟ್ಟು ಕೆರ ಹಿಡಿದರೆ ಅನ್‌ಇನ್‌ಸ್ಟಾಲ್ ಸ್ಕ್ರಿಪ್ಟ್ ಜೊತೆಗೇ ಬಂದಿರುತ್ತದೆ, ತೆಗೆದು ಮತ್ತೆ ಹಾಕಿ. ನಾನು ಮೊದಲ ವಾರದಲ್ಲೇ ನಾಲ್ಕು ಸಲ ತೆಗೆದಿದ್ದೆ. ವಿಂಡೋಸ್ ಬಿಡೋಕೆ ಆಗಲ್ಲ ಅಂದರೆ ಕೆ3ಎಸ್ ಅನ್ನು ಡಾಕರ್ ಒಳಗೇ ಓಡಿಸುವ ಕೆ3ಡಿ ನೋಡಿ.

ಆಮೇಲೆ ಯಾರದ್ದೋ ಡೆಮೊ ಓಡಿಸಬೇಡಿ, ನಿಮ್ಮದೇ ಒಂದು ಪುಟ್ಟ ಆ್ಯಪ್ ಓಡಿಸಿ. ಎಡವುವುದು ಅಲ್ಲೇ, ಕಲಿಯುವುದೂ ಅಲ್ಲೇ. ನಾನು ಮನೆ ಖರ್ಚು ಬರೆದಿಡುವ ಪೈಥಾನ್ ಆ್ಯಪ್ ಒಂದನ್ನು ಡಾಕರ್‌ನಲ್ಲಿ ಇಮೇಜ್ (ಆ್ಯಪ್‌ನ ಪ್ಯಾಕೇಜು) ಆಗಿ ಬಿಲ್ಡ್ ಮಾಡಿ ಕೆ3ಎಸ್‌ನಲ್ಲಿ ಡಿಪ್ಲಾಯ್ ಮಾಡಿದೆ, ಪಾಡ್ (ಕುಬರ್ನೆಟಿಸ್‌ನಲ್ಲಿ ಓಡುವ ಆ್ಯಪ್‌ನ ಒಂದು ಕಾಪಿ) ಮುಂದೆ 'ಇಮೇಜ್‌ಪುಲ್‌ಬ್ಯಾಕ್‌ಆಫ್', ಅಂದರೆ ಇಮೇಜ್ ತರೋಕೆ ಆಗ್ತಿಲ್ಲ, ಅಂತ ಬಂತು. ಇಮೇಜ್ ಅದೇ ಮೆಷಿನ್ನಿನಲ್ಲಿ ಕಣ್ಣ ಮುಂದೆ ಕೂತಿದೆ, ಇದು ಸಿಗಲಿಲ್ಲ ಅನ್ನುತ್ತದೆ! ಒಂದು ಭಾನುವಾರ ಪೂರ್ತಿ ಹೋಯಿತು. ವಿಷಯ ಏನಂದರೆ ಕೆ3ಎಸ್ ಬಳಸುವುದು ತನ್ನದೇ ಕಂಟೇನರ್‌ಡಿ (ಕಂಟೇನರ್ ಓಡಿಸುವ ಭಾಗ), ಡಾಕರ್ ಬಳಿ ಇರುವ ಇಮೇಜ್ ಅದಕ್ಕೆ ಕಾಣುವುದೇ ಇಲ್ಲ. ಡಾಕರ್‌ನಿಂದ ಸೇವ್ ಮಾಡಿ ಕೆ3ಎಸ್‌ಗೆ ಇಂಪೋರ್ಟ್ ಮಾಡಬೇಕು. ಅಷ್ಟು ಮಾಡಿದರೂ ಟ್ಯಾಗ್ 'ಲೇಟೆಸ್ಟ್' ಅಂತಿದ್ದರೆ ಪ್ರತಿ ಸಲ ಇಂಟರ್ನೆಟ್ಟಿಗೇ ಹುಡುಕಿಕೊಂಡು ಹೋಗುತ್ತದೆ, ಆದ್ದರಿಂದ 'ವಿ1', 'ವಿ2' ಅಂತ ಟ್ಯಾಗ್ ಕೊಡಿ.

ಆ್ಯಪ್ ಎದ್ದ ಮೇಲೆ ಮೂರು ಕಾಪಿ ಓಡಿಸಿ, ಒಂದು ಪಾಡನ್ನು ಬೇಕಂತಲೇ ಡಿಲೀಟ್ ಮಾಡಿ. ನೋಡ್ತಾ ನೋಡ್ತಾ ಬೇರೆ ಹೆಸರಿನ ಇನ್ನೊಂದು ಅದರ ಜಾಗಕ್ಕೆ ಬರುತ್ತದೆ. ಹೇಳಿದಷ್ಟು ಕಾಪಿ ಸದಾ ಓಡುವ ಹಾಗೆ ನೋಡಿಕೊಳ್ಳುವ ಡಿಪ್ಲಾಯ್‌ಮೆಂಟ್ ಅಂದರೆ ಏನು ಅಂತ ನನಗೆ ಅರ್ಥವಾಗಿದ್ದು ಅವತ್ತು, ಅದಕ್ಕೂ ಮೊದಲು ನೋಡಿದ ಹತ್ತು ವಿಡಿಯೋಗಳಿಂದ ಅಲ್ಲ.

ಎರಡು ಸಣ್ಣ ಕಿರಿಕಿರಿ. ಮುಚ್ಚಳ ಮುಚ್ಚಿದರೆ ಲ್ಯಾಪ್‌ಟಾಪ್ ಮಲಗಿಬಿಡುತ್ತದೆ, ಉಬುಂಟುವಿನ ಲಾಗಿನ್‌ಡಿ ಅನ್ನೋ ಸೇವೆಯ ಕಾನ್ಫಿಗ್‌ನಲ್ಲಿ ಲಿಡ್ ಸ್ವಿಚ್ಚನ್ನು 'ಇಗ್ನೋರ್' ಮಾಡಿ. ರೂಟರ್‌ನಲ್ಲಿ ಅದಕ್ಕೆ ಒಂದೇ ಐಪಿ ಸಿಗೋ ಹಾಗೆ ಕಟ್ಟಿಹಾಕಿ, ಇಲ್ಲಾಂದ್ರೆ ಮುಂದೆ ಎರಡನೇ ಮೆಷಿನ್ ಸೇರಿಸಿದಾಗ ಅದು ಹಳೇ ವಿಳಾಸಕ್ಕೇ ಹೋಗಿ ಬಾಗಿಲು ತಟ್ಟುತ್ತಿರುತ್ತದೆ.

ಎರಡನೇ ಮೆಷಿನ್ ಒಂದು ತಿಂಗಳ ನಂತರ ಸಾಕು. ಸೇರಿಸಿದ ದಿನ ಅದರ ನೆಟ್‌ವರ್ಕ್ ಕೇಬಲ್ ಕಿತ್ತು ನೋಡಿ. ತಕ್ಷಣ ಏನೂ ಆಗಲ್ಲ, ಗಾಬರಿ ಬೇಡ. ನೋಡ್ (ಅಂದರೆ ಆ ಮೆಷಿನ್) 'ನಾಟ್‌ರೆಡಿ' ಆದ ಮೇಲೂ ಅದರ ಪಾಡ್‌ಗಳಿಗೆ ಬೇರೆ ಕಡೆ ಬದಲಿ ಏಳಿಸುವ ಮುನ್ನ ಕುಬರ್ನೆಟಿಸ್ 5 ನಿಮಿಷ ಕಾಯುತ್ತದೆ, ಡೀಫಾಲ್ಟೇ ಹಾಗಿದೆ. ಅಷ್ಟರಲ್ಲಿ ಒಂದು ಕಾಫಿ ಮುಗಿಸಿಕೊಂಡು ಬನ್ನಿ.