ಪೈರಸಿಯಿಂದ ಸಿನಿಮಾದವರಿಗೆ ನಿಜಕ್ಕೂ ನಷ್ಟವೇ?

‘ಕೋಟಿಗಟ್ಟಲೆ ದುಡಿಯುವ ಸಿನಿಮಾವನ್ನು ನಾನೊಬ್ಬ ಮೊಬೈಲ್‌ನಲ್ಲಿ ಪುಕ್ಕಟೆ ನೋಡಿದರೆ ಯಾರಿಗೇನು ನಷ್ಟ?’ ಎಂದು ಕೇಳಿದ್ದೀರಿ. ನಷ್ಟ ಖಂಡಿತ ಇದೆ. ಆದರೆ ಅದು ಎಲ್ಲರ ಮೇಲೂ ಒಂದೇ ಸಮ ಬೀಳುವುದಿಲ್ಲ.

ದೊಡ್ಡ ಸ್ಟಾರ್ ಚಿತ್ರಕ್ಕೆ ಮೊದಲ ಮೂರು ದಿನ ಅಭಿಮಾನಿಗಳೇ ಚಿತ್ರಮಂದಿರ ತುಂಬಿಸುತ್ತಾರೆ. ಗಾಂಧಿನಗರದಲ್ಲಿ ಸಾಲ ಮಾಡಿ ಸಿನಿಮಾ ತೆಗೆದ ಹೊಸಬರ ಕಥೆ ಬೇರೆ. ನೋಡಿದವರು ನಾಲ್ಕು ಜನಕ್ಕೆ ಹೇಳಿ, ಎರಡನೇ ವಾರಕ್ಕೆ ಅದು ಕುದುರಬೇಕು. ಅಷ್ಟರೊಳಗೆ ಕಳ್ಳ ಕಾಪಿ ಬಂದರೆ ‘ಚೆನ್ನಾಗಿದೆಯಂತೆ’ ಎಂಬ ಮಾತಿನ ಜೊತೆಗೇ ಲಿಂಕ್ ಕೂಡ ಹಂಚಿಕೆಯಾಗುತ್ತದೆ. ಜನ ಬರುತ್ತಿಲ್ಲವೆಂದು ಶೋ ಕಡಿತವಾಗುತ್ತದೆ, ಗಳಿಕೆ ಕುಸಿದರೆ ಒಟಿಟಿ, ಟಿವಿ ಹಕ್ಕಿಗೂ ಚೌಕಾಸಿ ಶುರು. ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಆ ನಿರ್ಮಾಪಕ ಮುಂದಿನ ಚಿತ್ರ ಮಾಡದಿದ್ದರೆ ಲೈಟ್‌ಮನ್, ಮೇಕಪ್, ಎಡಿಟಿಂಗ್ ಮಾಡುವವರ ದಿನಗೂಲಿಯೂ ಹೋಯಿತು. ನನಗೆ ಹೆಚ್ಚು ನೋವಾಗುವುದು ಇಲ್ಲೇ.

ಸಲಹಾ ಸಂಸ್ಥೆ ಇವೈ ಮತ್ತು ಇಂಟರ್ನೆಟ್ ಕಂಪನಿಗಳ ಸಂಘ ಐಎಎಂಎಐ ಸೇರಿ ತಂದ ವರದಿ, 2023ರ ಭಾರತದ ಪೈರಸಿ ವಹಿವಾಟನ್ನು 22,400 ಕೋಟಿ ರೂಪಾಯಿ ಎಂದು ಅಂದಾಜಿಸಿತ್ತು. ಅದರಲ್ಲಿ 13,700 ಕೋಟಿ ಚಿತ್ರಮಂದಿರದ ಸಿನಿಮಾಗಳ ಕಳ್ಳ ಕಾಪಿಯಿಂದ. ಈ ಇಡೀ ಮೊತ್ತವನ್ನು ನಷ್ಟ ಎನ್ನಲಾಗದು, ಪುಕ್ಕಟೆ ನೋಡಿದವರೆಲ್ಲ ಟಿಕೆಟ್ ಕೊಳ್ಳುತ್ತಿರಲಿಲ್ಲ. ಮಲ್ಟಿಪ್ಲೆಕ್ಸ್ ದರ ಭರಿಸಲಾಗದ ಕುಟುಂಬಗಳೂ ಇವೆ, ಒಪ್ಪುತ್ತೇನೆ.