ಸಿಂಧನೂರಿನಲ್ಲಿ 200 ಲೀಟರಿನ ಚಿಕ್ಕ ಬ್ರೂವರಿಗೆ ಕಮ್ಮಿ ಖರ್ಚಿನ ಹುದುಗು ಟ್ಯಾಂಕ್ ಯಾವುದು?

ನೀವು ಕೇಳಿರುವುದು ಇಷ್ಟು: ಸಿಂಧನೂರಿನಲ್ಲಿ ಚಿಕ್ಕ ಬ್ರೂವರಿ, ಒಂದು ಸಲಕ್ಕೆ 200 ಲೀಟರ್ ಬಿಯರ್, ಲೈಸೆನ್ಸಿಗೆ ಅರ್ಜಿ ಹಾಕಿದ್ದೀರಿ, ಕೈಯಲ್ಲಿ ದುಡ್ಡು ಕಮ್ಮಿ. ಹೊಸ ಕೋನಿಕಲ್ ಟ್ಯಾಂಕ್, ಅಂದರೆ ತಳ ಆಲಿಕೆಯಂತೆ ಚೂಪಾಗಿರುವ ಟ್ಯಾಂಕ್, ತಗೋಬೇಕಾ, ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಸಾಗಿಸಬಹುದಾ? ನಾನು ರಾಯಚೂರಿನವನು. ಹಾಲಿನ ಕೂಲರ್ ರಿಪೇರಿ ನನ್ನ ಕಸುಬು, ಬ್ರೂವರಿ ಚಿಲ್ಲರ್ ಕೆಲಸವೂ ಗೊತ್ತು. ನಮ್ಮ ಕಡೆ ಮೊದಲು ತಂಪಿಗೆ ದುಡ್ಡು ಎತ್ತಿಡಿ. ಉಳಿದದ್ದರಲ್ಲಿ ಟ್ಯಾಂಕ್ ನೋಡಿ.

ಏಲ್ ಬಿಯರಿನ ಯೀಸ್ಟಿಗೆ 18ರಿಂದ 22 ಡಿಗ್ರಿ ಬೇಕು. ತಂಪಿನಲ್ಲೇ ಹುದುಗುವ ಲಾಗರ್ ಬಿಯರ್ ಆದರೆ 8ರಿಂದ 12. ನಮ್ಮಲ್ಲಿ ಬೇಸಿಗೆಗೆ 40 ದಾಟುವುದು ಮಾಮೂಲು. ಅದರ ಮೇಲೆ ಯೀಸ್ಟ್ ಸಕ್ಕರೆ ತಿನ್ನುವಾಗ ತಾನೇ ಶಾಖ ಬಿಡುತ್ತದೆ. ಅದನ್ನು ತೆಗೆಯದೇ ಹೋದರೆ 200 ಲೀಟರನ್ನು 10 ಡಿಗ್ರಿಗಿಂತ ಜಾಸ್ತಿ ಏರಿಸುವಷ್ಟು ಶಾಖ ಅದು. ಹಾಗೆ ಕಾದ ಬಿಯರಿಗೆ ಥಿನ್ನರ್ ವಾಸನೆ ಬರುತ್ತದೆ. ಟ್ಯಾಂಕ್ ಎಷ್ಟೇ ಚೆಂದ ಇದ್ದರೂ ಅದನ್ನು ಸರಿ ಮಾಡಲು ಆಗುವುದಿಲ್ಲ.

ನಾನಾದರೆ ಸೆಕೆಂಡ್ ಹ್ಯಾಂಡ್ ಬಿಎಂಸಿ ಹುಡುಕುತ್ತೇನೆ. ಹಳ್ಳಿಯ ಹಾಲಿನ ಸಂಘಗಳಲ್ಲಿ ಇರುತ್ತದಲ್ಲ, ಆ ಬಲ್ಕ್ ಮಿಲ್ಕ್ ಕೂಲರ್. ಸ್ಟೀಲ್ ಟ್ಯಾಂಕ್, ಸುತ್ತ ಶಾಖ ತಡೆಯುವ ಪಫ್ ಫೋಮಿನ ಇನ್ಸುಲೇಷನ್, ಜೊತೆಗೆ ಕಂಪ್ರೆಸರ್, ಎಲ್ಲ ಒಂದರಲ್ಲೇ ಇದೆ. 35 ಡಿಗ್ರಿಯ ಹಾಲನ್ನು ಕೆಲವೇ ಗಂಟೆಯಲ್ಲಿ 4 ಡಿಗ್ರಿಗೆ ಇಳಿಸಲೆಂದೇ ಮಾಡಿದ ಯಂತ್ರ. ನಿಮಗೆ ಇದರಿಂದ ಇನ್ನೊಂದು ಲಾಭ ಇದೆ. ಮಾಲ್ಟಿನ ಕುದಿಸಿದ ಸಿಹಿನೀರನ್ನು, ಅಂದರೆ ವರ್ಟನ್ನು, ಯೀಸ್ಟ್ ಹಾಕುವ ಮುಂಚೆ ತಣ್ಣಗೆ ಮಾಡಬೇಕಲ್ವಾ? ಮೇ ತಿಂಗಳಲ್ಲಿ ಮೇಲಿನ ಟ್ಯಾಂಕಿನ ನೀರೇ ಬಿಸಿ ಇರುತ್ತದೆ. ಪ್ಲೇಟ್ ಚಿಲ್ಲರಿನಲ್ಲಿ, ಅಂದರೆ ತೆಳು ಸ್ಟೀಲ್ ತಗಡುಗಳ ಒಂದು ಕಡೆ ವರ್ಟ್, ಇನ್ನೊಂದು ಕಡೆ ನೀರು ಹರಿಯುವ ಸಾಮಾನಿನಲ್ಲಿ, ಆ ನೀರು ಬಿಟ್ಟು 20 ಡಿಗ್ರಿಗೆ ಇಳಿಸಲು ಆಗುವುದೇ ಇಲ್ಲ. ಆದಷ್ಟು ಇಳಿಸಿ ಬಿಎಂಸಿಗೆ ಸುರಿಯಿರಿ, ಉಳಿದದ್ದನ್ನು ಅದೇ ಇಳಿಸುತ್ತದೆ. ಹಾಲಿನ ಸಾಮಾನಿನಲ್ಲಿ ಬಿಯರ್ ಮಾಡುವುದು ಹೊಸದೂ ಅಲ್ಲ. ಅಮೆರಿಕದ ಸಿಯೆರಾ ನೆವಾಡಾ ಬ್ರೂವರಿ 1980ರ ಸುಮಾರಿಗೆ ಶುರುವಾದಾಗ ಹಳೇ ಡೈರಿ ಸಾಮಾನು ತಂದೇ ಹೊಂದಿಸಿಕೊಂಡಿತ್ತು.

ನೊರೆಗೆ ಜಾಗ ಬೇಕು, ಹಾಗಾಗಿ 200 ಲೀಟರಿಗೆ 250–300ರ ಟ್ಯಾಂಕ್ ಸಾಕು. ತೀರಾ ದೊಡ್ಡದು ಬೇಡ, ಖಾಲಿ ಜಾಗದಲ್ಲಿ ಗಾಳಿ ಉಳಿದು ಬಿಯರ್ ಕೆಡುತ್ತದೆ.

ಕೊಳ್ಳುವಾಗ ಟಾರ್ಚ್ ಹಿಡಿದು ಒಳಗೆ ಬಗ್ಗಿ ನೋಡಿ. ವೆಲ್ಡಿಂಗ್ ಗೆರೆಯ ಮೇಲೆ ಬೆರಳು ಆಡಿಸಿ. ಉಗುರಿಗೆ ಸಿಕ್ಕುವಷ್ಟು ಒರಟಿದ್ದರೆ, ಸೂಜಿಮೊನೆಯಂಥ ಕಂದು ಚುಕ್ಕಿ ಇದ್ದರೆ ಬಿಟ್ಟುಬಿಡಿ. ಆ ಸಂದಿಯಲ್ಲಿ ಕೂತ ಬ್ಯಾಕ್ಟೀರಿಯಾ ಯಾವ ತೊಳೆತಕ್ಕೂ ಬರುವುದಿಲ್ಲ. ಬಿಳಿ ಪದರ ಕಂಡರೆ ಹೆದರಬೇಡಿ. ಅದು ಹಾಲಿನ ಕಲೆ, ಆಸಿಡ್ ತೊಳೆತಕ್ಕೆ ಹೋಗುತ್ತದೆ. ರಬ್ಬರ್ ಗ್ಯಾಸ್ಕೆಟ್ ಮಾತ್ರ ಎಲ್ಲ ಹೊಸದು ಹಾಕಿ, ಹಳೆಯದರ ವಾಸನೆ ಹೋಗದು.

ಆಮೇಲೆ ಸ್ವಲ್ಪ ಬದಲಾವಣೆ. ಥರ್ಮೋಸ್ಟಾಟ್ ತೆಗೆದು 18–20ಕ್ಕೆ ನಿಲ್ಲುವ ಡಿಜಿಟಲ್ ಕಂಟ್ರೋಲರ್ ಹಾಕಿಸಿ. ಹುದುಗುವಾಗ ಅಜಿಟೇಟರ್, ಅಂದರೆ ಹಾಲು ಕಲಕುವ ರೆಕ್ಕೆ, ಬಂದ್ ಇರಲಿ. ತಳ ಕೋನಿಕಲ್ ಅಲ್ಲ, ಯೀಸ್ಟ್ ಔಟ್‌ಲೆಟ್ ಹತ್ತಿರವೇ ಕೂರುತ್ತದೆ. ಅದಕ್ಕೆ ಒಳಗಡೆ ಒಂದೆರಡು ಇಂಚು ಎತ್ತರದ ಪೈಪ್ ಕೂರಿಸಿ, ಮೇಲಿನ ತಿಳಿ ಮಾತ್ರ ಬರುತ್ತದೆ. ಮುಚ್ಚಳದಿಂದ ಒಂದು ಪೈಪ್ ತೆಗೆದು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ, ಗ್ಯಾಸ್ ಅಲ್ಲಿ ಗುಳುಗುಳು ಅಂತ ಹೋಗಲಿ. ಈ ಟ್ಯಾಂಕ್ ಪ್ರೆಶರ್ ತಡೆಯುವುದಿಲ್ಲ, ಯಾವತ್ತೂ ಬಿಗಿದು ಮುಚ್ಚಬೇಡಿ. ಬಿಯರಿಗೆ ಗ್ಯಾಸ್ ತುಂಬುವುದು ಬೇರೆ ಕೆಗ್ಗಿನಲ್ಲಿ, ಅಂದರೆ ಪ್ರೆಶರ್ ತಡೆಯುವ ಸ್ಟೀಲ್ ಪೀಪಾಯಿಯಲ್ಲಿ. ಕೋಣೆಗೆ ನೆಲಮಟ್ಟದಲ್ಲಿ ಗಾಳಿ ಆಡುವ ಕಿಂಡಿ ಇರಲೇಬೇಕು. ಕಾರ್ಬನ್ ಡೈಆಕ್ಸೈಡ್ ಭಾರ, ಕೆಳಗೇ ನಿಲ್ಲುತ್ತದೆ, ಉಸಿರು ಕಟ್ಟುತ್ತದೆ.

ತೊಳೆಯಲು ಬಿಸಿ ಕಾಸ್ಟಿಕ್ ಸೋಡಾ ಸುಮಾರು 2 ಪರ್ಸೆಂಟ್, ಆಮೇಲೆ ಆಸಿಡ್, ಕೊನೆಗೆ ಕ್ರಿಮಿ ಕೊಲ್ಲಲು ಪೆರಾಸಿಟಿಕ್ ಆಸಿಡ್. ಗ್ಲೌಸ್, ಕನ್ನಡಕ ಹಾಕಿಕೊಳ್ಳಿ. ಬ್ಲೀಚ್ ಬೇಡ, ಸ್ಟೀಲ್ ತೂತು ಬೀಳುತ್ತದೆ.

ಬಿಎಂಸಿ ಸಿಗದಿದ್ದರೆ? ಫುಡ್ ಗ್ರೇಡ್ ಡ್ರಮ್ಮಿಟ್ಟು, ಚಿಕ್ಕ ಕೋಣೆಗೆ ಪಫ್ ಪ್ಯಾನೆಲ್ ಹೊಡೆಸಿ ಎಸಿ ಹಾಕಬಹುದು. ಏಲ್‌ಗೆ ನಡೆಯುತ್ತದೆ. ಆದರೆ ಡ್ರಮ್ಮಿಗೆ ಒಳಗೆ ಗೀರು ಬಿದ್ದ ದಿನವೇ ಅದನ್ನು ತೆಗೆದುಹಾಕಬೇಕು. ಕೆಮಿಕಲ್ ಬಂದಿದ್ದ ನೀಲಿ ಡ್ರಮ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡಿ.

ಲೈಸೆನ್ಸ್ ಕೈಗೆ ಬರುವವರೆಗೆ ಟ್ರಯಲ್ ಅಂತಲೂ ಬಿಯರ್ ಹುದುಗಿಸಬೇಡಿ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಲ್ಲಿ ಅದು ಅಪರಾಧ. ನೀರಿನಲ್ಲಿ ಟ್ರಯಲ್ ಮಾಡಲು ಯಾರ ಅಪ್ಪಣೆಯೂ ಬೇಡ. ಮಾರುವವರ ಹತ್ತಿರವೇ, ಮಧ್ಯಾಹ್ನದ ಬಿಸಿಲಲ್ಲಿ, ಟ್ಯಾಂಕಿಗೆ 200 ಲೀಟರ್ ನೀರು ತುಂಬಿಸಿ 18 ಡಿಗ್ರಿಗೆ ಇಳಿಸಿ ತೋರಿಸಲು ಹೇಳಿ. ಆಮೇಲೆ ಕರೆಂಟ್ ತೆಗೆಸಿ ನಾಲ್ಕು ಗಂಟೆ ಕಾಯಿರಿ. ಒಂದೆರಡು ಡಿಗ್ರಿ ಏರಿದರೆ ಪರವಾಗಿಲ್ಲ, ಅಡ್ವಾನ್ಸ್ ಕೊಡಿ. ಅದಕ್ಕಿಂತ ಜಾಸ್ತಿ ಏರಿದರೆ ಪಫ್ ನೀರು ಕುಡಿದಿದೆ ಅಂತ ಅರ್ಥ, ಬೇರೆ ನೋಡಿ.